‘ರೊಕ್ಕ ಇಲ್ಲ’ ಅನ್ನಬೇಡಿ, ಲೆಕ್ಕ ಹೇಳಿ

ನಮ್ಮ ಭಾಗದ ಅಪ್ಪ–ಅವ್ವಂದಿರು ಮಕ್ಕಳ ಮುಂದೆ ಅತಿ ಹೆಚ್ಚು ಆಡುವ ಸುಳ್ಳು ಯಾವುದು ಅಂತ ಕೇಳಿದರೆ ನಾನು ತಡವರಿಸದೆ ಹೇಳುತ್ತೇನೆ: ‘ರೊಕ್ಕ ಇಲ್ಲ’. ಹನುಮಸಾಗರದ ಸಂತೆಯಲ್ಲಿ, ಬಸ್ ನಿಲ್ದಾಣದ ಅಂಗಡಿ ಮುಂದೆ, ಮಗು ಎಲ್ಲಿ ಕೈ ತೋರಿಸಿ ಏನಾದರೂ ಕೇಳಿತೋ ಅಲ್ಲೆಲ್ಲ ಇದೇ ಉತ್ತರ. ಹೇಳಲು ಸುಲಭ, ಮಾತಿಗೆ ಮಾತು ಬೆಳೆಯುವುದಿಲ್ಲ. ಆದರೆ ಹತ್ತು ಹೆಜ್ಜೆ ದಾಟುವುದರೊಳಗೆ ಅದೇ ಅಪ್ಪ ಗುಟ್ಕಾ ಚೀಟಿ ಹರಿಯುತ್ತಾನೆ, ಅದೇ ಅವ್ವ ಚೌಕಾಸಿ ಮಾಡಿ ಸ್ಟೀಲ್ ಡಬ್ಬಿ ಕೊಳ್ಳುತ್ತಾಳೆ. ರೊಕ್ಕ ಇತ್ತು, ತನ್ನ ಪಾಲಿಗೆ ಮಾತ್ರ ಇರಲಿಲ್ಲ ಎಂಬುದು ಮಗುವಿಗೆ ಗೊತ್ತಾಗುತ್ತದೆ. ಮುಂದಿನ ಸಲ ಅದು ಕೇಳುವುದನ್ನು ಬಿಟ್ಟು ನೆಲಕ್ಕೆ ಬಿದ್ದು ಅಳುತ್ತದೆ. ಅತ್ತರೆ ಇಲ್ಲದ ರೊಕ್ಕವೂ ಹುಟ್ಟುತ್ತದೆ ಎಂಬ ಪಾಠವನ್ನೂ ನಾವೇ ಕಲಿಸಿರುತ್ತೇವಲ್ಲ!

ನಾನು ಕಿರಾಣಿ ಅಂಗಡಿಯ ಮನೆಯಲ್ಲಿ ಬೆಳೆದವನು. ಗಲ್ಲಾ ಪೆಟ್ಟಿಗೆ ಕಣ್ಣ ಮುಂದೆಯೇ ಇರುತ್ತಿದ್ದುದರಿಂದ ‘ಇಲ್ಲ’ ಅನ್ನಲು ಅಪ್ಪನಿಗೆ ದಾರಿಯೇ ಇರಲಿಲ್ಲ. ಅವರು ಅನ್ನುತ್ತಿದ್ದುದು ಬೇರೆ: “ಐತಿ. ಆದ್ರ ಇದು ನಮ್ದಲ್ಲ, ಇಳಕಲ್ಲ ಸಾವಕಾರಂದು. ಮಾಲು ತಂದೇವಿ, ಕೊಡಬೇಕು.” ಕೈಯಲ್ಲಿರುವ ರೊಕ್ಕವೆಲ್ಲ ನಮ್ಮದಲ್ಲ ಎಂಬ ಈ ಮಾತನ್ನು ದೊಡ್ಡ ಸಂಬಳದವರೂ ಎಷ್ಟೋ ಜನ ಕಲಿತಿಲ್ಲ. ಕಲಿತಿದ್ದರೆ ಕಂತಿನ ಮೇಲೆ ಕಂತು ಕಟ್ಟುತ್ತಾ ಕೂರುತ್ತಿರಲಿಲ್ಲ.

ನನ್ನ ಮಗಳಿಗೆ ಇದನ್ನು ಮನಗಾಣಿಸಿದ್ದು ಶಾಲೆಯ ಮಕ್ಕಳ ಸಂತೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೆಟ್ರಿಕ್ ಮೇಳ ಅಂತಲೂ ಕರೆಯುವ ಈ ಕಾರ್ಯಕ್ರಮ ಓದುಗರಿಗೆ ಹೊಸದಲ್ಲ. ಮಕ್ಕಳು ಮನೆಯಿಂದ ಕೊತ್ತಂಬರಿ, ಮೆಂತ್ಯೆ, ಬದನೆಕಾಯಿ, ಗಿರಮಿಟ್ಟು, ಮಜ್ಜಿಗೆ ತಂದು ಅಂಗಳದಲ್ಲಿ ಸಾಲಾಗಿ ಕೂರುತ್ತಾರೆ. ಗುರುಗಳು, ಪಾಲಕರು ಗಿರಾಕಿಗಳು. ತಕ್ಕಡಿ ಹಿಡಿಯುವುದು, ಚಿಲ್ಲರೆ ಎಣಿಸುವುದು, ಕೂಗಿ ಕರೆಯುವುದು ಎಲ್ಲವೂ ಅಲ್ಲಿ ಪಾಠವೇ. ಐದನೆಯ ತರಗತಿಯ ನನ್ನ ಮಗಳು ಮಿರ್ಚಿ ಮಾರಿದಳು. ಒಂದಕ್ಕೆ 5 ರೂಪಾಯಿಯಂತೆ 40 ಮಿರ್ಚಿ, ಒಟ್ಟು 200 ರೂಪಾಯಿ. “ಇನ್ನೂರು ರೂಪಾಯಿ ಲಾಭ ಆತು ನೋಡಪ್ಪಾ” ಅಂತ ಓಡುತ್ತ ಬಂದಳು.

ರಾತ್ರಿ ಊಟವಾದ ಮೇಲೆ ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲೇ ಇಬ್ಬರೂ ಲೆಕ್ಕ ಹಾಕಿದೆವು. ಅರ್ಧ ಕಿಲೋ ಕಡ್ಲಿ ಹಿಟ್ಟು 55, ಅರ್ಧ ಲೀಟರ್ ಎಣ್ಣೆ 75, ಮೆಣಸಿನಕಾಯಿ 40. ಸೇರಿಸಿದರೆ 170. ಉಳಿದದ್ದು 30. ಗ್ಯಾಸ್ ಲೆಕ್ಕಕ್ಕೆ ಬರಲಿಲ್ಲ, ನಸುಕಿನಲ್ಲಿ ಎದ್ದು ಕರಿದ ಅವರವ್ವನ ಕೂಲಿಯೂ ಬರಲಿಲ್ಲ. ಅವಳ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಹಂಗಾದ್ರ ಬಂಡಿ ಕಾಕಾಗ ಏನ್ ಉಳೀತೈತಿ?” ಬಂಡಿಯವರು ಹೆಚ್ಚು ಮಾರುತ್ತಾರೆ, ಹಿಟ್ಟು ಎಣ್ಣೆ ಸಗಟಿನಲ್ಲಿ ತರುತ್ತಾರೆ, ಹಾಗಾಗಿ ನಡೆಯುತ್ತದೆ ಎಂದೆ. ಆ ಬಳಿಕ ಒಗ್ಗರಣಿ ಮಿರ್ಚಿ ತಿನ್ನಲು ಹೋದಾಗ ಇನ್ನೊಂದು ಪುಕ್ಕಟೆ ಹಾಕು ಅಂತ ಕಾಕಾನನ್ನು ಪೀಡಿಸುವುದು ಅವಳಾಗಿಯೇ ಬಿಟ್ಟಿದ್ದಾಳೆ.

ಇಲ್ಲಿ ಗುರುಗಳಿಗೆ ನನ್ನದೊಂದು ತಕರಾರಿದೆ. ಮಕ್ಕಳ ಸಂತೆಯ ಫೋಟೊ ಪತ್ರಿಕೆಗೆ ಕಳಿಸಿ, ‘ವ್ಯವಹಾರ ಜ್ಞಾನ ಬೆಳೆಯಿತು’ ಎಂದು ಬರೆಸಿ ಮುಗಿಸುತ್ತೇವೆ. ಬಂಡವಾಳ ಕಳೆಯದೆ ಬಂದದ್ದೆಲ್ಲ ಲಾಭ ಎಂದು ಮಗು ತಿಳಿದರೆ ಅದು ಅರ್ಧ ಪಾಠ. ಮರುದಿನ ಗಣಿತದ ಒಂದು ಅವಧಿಯನ್ನು ಈ ಕಳೆಯುವ ಲೆಕ್ಕಕ್ಕೇ ಕೊಟ್ಟರೆ ಸಂತೆ ಪೂರ್ತಿಯಾಗುತ್ತದೆ.

ಮನೆಯಲ್ಲಿ ನಾವು ಇಟ್ಟುಕೊಂಡ ಪದ್ಧತಿ ಸರಳ. ಸಂತೆಯ ದಿನ ಮಗಳಿಗೆ 30, ಸಣ್ಣ ಮಗನಿಗೆ 15 ರೂಪಾಯಿ, ಚಿಲ್ಲರೆಯಲ್ಲಿ. ಏನು ಕೊಂಡರೂ ಕೇಳುವುದಿಲ್ಲ, ಮುಗಿದರೆ ಮುಂದಿನ ಸಂತೆಯತನಕ ಇಲ್ಲ. ಉದ್ರಿ ಇಲ್ಲವೇ ಇಲ್ಲ. ಮಗ ಒಮ್ಮೆ ಎಲ್ಲ ರೊಕ್ಕಕ್ಕೂ ಬಣ್ಣದ ಬುಗ್ಗಿ ತಂದ, ಮನೆ ಮುಟ್ಟುವುದರೊಳಗೆ ಒಡೆದವು. ಆ ವಾರ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಆದರೂ ಕೊಡಲಿಲ್ಲ. ಹದಿನೈದು ರೂಪಾಯಿಗೆ ಈ ವಯಸ್ಸಿನಲ್ಲಿ ಅಳುವುದು ಒಳ್ಳೆಯದು. ಇಪ್ಪತ್ತೈದಕ್ಕೆ ಮೊಬೈಲ್ ಆ್ಯಪಿನ ಸಾಲಕ್ಕೆ ಅಳುವುದಕ್ಕಿಂತ ಎಷ್ಟೋ ಮೇಲು. ಒಂದೇ ತೊಡಕೆಂದರೆ ನಮ್ಮ ಮನೆಯ ರಿಸರ್ವ್ ಬ್ಯಾಂಕ್, ಅಂದರೆ ನನ್ನ ಅವ್ವ. ಸೀರೆಯ ಸೆರಗಿನ ಗಂಟು ಬಿಚ್ಚಿ ಮೊಮ್ಮಗನ ಕೈಗೆ ಹತ್ತು ರೂಪಾಯಿ ತುರುಕಿ “ಅಪ್ಪಗ ಹೇಳಬ್ಯಾಡ” ಅನ್ನುತ್ತಾರೆ. ಅದನ್ನು ತಡೆಯುವ ಕಾನೂನು ಇನ್ನೂ ಬಂದಿಲ್ಲ.

ಚಿಲ್ಲರೆಯಲ್ಲೇ ಕೊಡಬೇಕು ಅನ್ನುವುದಕ್ಕೆ ಕಾರಣವಿದೆ. 2016ರಲ್ಲಿ ಯುಪಿಐ ಬಂದ ಮೇಲೆ ಚಹಾದಂಗಡಿ, ತರಕಾರಿ ಬುಟ್ಟಿಯತನಕ ಸ್ಕ್ಯಾನರ್ ಬಂದಿದೆ. ಅನುಕೂಲವೇ ಸರಿ. ಆದರೆ ಮಗು ಕಾಣುವುದು ಏನನ್ನು? ಅಪ್ಪ ಫೋನ್ ತೋರಿಸುತ್ತಾನೆ, ಡಬ್ಬಿ ಮಾತಾಡುತ್ತದೆ, ಚಿಪ್ಸ್ ಕೈಗೆ ಬರುತ್ತದೆ. ಯಾರ ಜೇಬಿನಿಂದಲೂ ಏನೂ ಕಡಿಮೆಯಾದದ್ದು ಕಾಣುವುದಿಲ್ಲ. ಅದೇ ಮಗು ಅಪ್ಪನ ಫೋನಿನಲ್ಲಿ ಆಟದೊಳಗಿನ ಡೈಮಂಡ್ ಕೊಂಡರೆ ಬೈಯುವುದು ಯಾವ ನ್ಯಾಯ? ರೊಕ್ಕ ಖಾಲಿಯಾಗುತ್ತದೆ ಎಂಬುದನ್ನು ಅದು ಕಂಡೇ ಇಲ್ಲವಲ್ಲ. ನಾನು ಈಗ ಸ್ಕ್ಯಾನ್ ಮಾಡಿದ ಮೇಲೆ ಖಾತೆಯಲ್ಲಿ ಉಳಿದದ್ದೆಷ್ಟು ಎಂದು ಮಗಳಿಗೇ ಓದಿಸುತ್ತೇನೆ. ತಿಂಗಳ ಕೊನೆಗೆ ಓದುವಾಗ ಅವಳ ದನಿ ತಾನಾಗಿಯೇ ಇಳಿಯುತ್ತದೆ.

ನಮ್ಮ ಕುಷ್ಟಗಿ ತಾಲ್ಲೂಕಿನಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ, ಗುಳೆ. ಮಳೆ ಕೈಕೊಟ್ಟ ವರ್ಷ ಮಂಗಳೂರು, ಉಡುಪಿ, ಬೆಂಗಳೂರು, ಗೋವಾ ಅಂತ ದುಡಿಯಲು ಹೋದವರ ಮಕ್ಕಳು ಇಲ್ಲಿ ಅಜ್ಜ–ಅಜ್ಜಿಯರ ಬಳಿ ಉಳಿಯುತ್ತಾರೆ. ಜೊತೆಗಿರಲು ಆಗಲಿಲ್ಲ ಎಂಬ ಸಂಕಟಕ್ಕೆ ಅಪ್ಪಂದಿರು ಅಲ್ಲಿಂದಲೇ ಅಂಗಡಿಗೆ ರೊಕ್ಕ ಹಾಕುತ್ತಾರೆ: “ಹುಡುಗ ಏನ್ ಕೇಳ್ತಾನ ಕೊಡ್ರಿ.” ನಮ್ಮ ಓಣಿಯ ಒಬ್ಬ ಹುಡುಗ ಹೀಗೆ ದಿನಕ್ಕೆ 20 ರೂಪಾಯಿಯ ಪಾಕೀಟು ತಿಂಡಿ ಒಯ್ಯುತ್ತಿದ್ದ. ತಿಂಗಳಿಗೆ 600. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ಹುಡುಗನ ಪಾಕೀಟುಗಳಿಗೆ ಒಬ್ಬರು ಒಂದೂವರೆ ದಿನಕ್ಕಿಂತ ಹೆಚ್ಚು ಮಣ್ಣು ಅಗೆಯಬೇಕಿತ್ತು. ಆ ಅಪ್ಪನ ಪ್ರೀತಿಯನ್ನು ನಾನು ಅಳೆಯಲು ಹೊರಟಿಲ್ಲ. ಫೋನ್ ಮಾಡಿದಾಗ “ಉಂಡಿಯಾ, ಓದಿದಿಯಾ” ಜೊತೆಗೆ ‘ಇವತ್ತು ಎಷ್ಟನೇ ಮಹಡಿಗೆ ಇಟ್ಟಂಗಿ ಹೊತ್ತೆ, ಎಷ್ಟು ಕೂಲಿ ಬಂತು, ಬಾಡಿಗೆಗೆ ಎಷ್ಟು ಹೋಯಿತು’ ಎಂದೂ ಹೇಳಲಿ ಎನ್ನುತ್ತೇನೆ. ಇದು ಮಕ್ಕಳಿಗೆ ಭಾರವಾಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ. ದೋಟಿಹಾಳದ ನೇಕಾರರ ಮನೆಗಳಲ್ಲಿ ಮಗ್ಗದ ಪಕ್ಕದಲ್ಲೇ ಆಡಿ ಬೆಳೆಯುವ ಮಕ್ಕಳಿಗೆ ಒಂದು ಸೀರೆ ಇಳಿಯಲು ಎಷ್ಟು ಹೊತ್ತು ಬೇಕು ಎಂಬುದು ಯಾರೂ ಹೇಳದೆ ಗೊತ್ತಿರುತ್ತದೆ. ಅವರೇನೂ ಬಾಡಿ ಹೋಗಿಲ್ಲ.

ಇನ್ನು ಖಾತೆಯ ವಿಷಯ. ಹತ್ತು ವರ್ಷ ತುಂಬಿದ ಮಗು ತನ್ನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ತಾನೇ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಎಷ್ಟರ ಮಿತಿ ಎಂಬುದು ಆಯಾ ಬ್ಯಾಂಕಿನ ತೀರ್ಮಾನ. ಅಂಚೆ ಕಚೇರಿಯಲ್ಲೂ ಇದೇ ವಯಸ್ಸಿಗೆ 500 ರೂಪಾಯಿ ಕಟ್ಟಿ ಖಾತೆ ತೆರೆಯಬಹುದು. ಹೆಣ್ಣುಮಗುವಿಗೆ ಹತ್ತು ತುಂಬುವ ಮೊದಲೇ ತೆರೆಯಬೇಕಾದದ್ದು 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ, ವರ್ಷಕ್ಕೆ ಕನಿಷ್ಠ 250 ರೂಪಾಯಿ. ಅದು ಮಗಳಿಗಾಗಿ ನಾವು ಮಾಡುವ ಉಳಿತಾಯ, ಖಂಡಿತ ಮಾಡಿ. ಆದರೆ ಅವಳು ಮುಟ್ಟದ, ನೋಡದ ಆ ರೊಕ್ಕ ಅವಳಿಗೆ ಏನನ್ನೂ ಕಲಿಸುವುದಿಲ್ಲ. ಕಲಿಸುವುದು ತಾನೇ ಚೀಟಿ ತುಂಬಿ, ಸಾಲಿನಲ್ಲಿ ನಿಂತು ಕಟ್ಟಿದ ನೂರು ರೂಪಾಯಿ.

ಖಾತೆ ತೆರೆಯಲು ಹೋಗುವ ಮೊದಲು ಇನ್ನೊಂದು ಕೆಲಸ ಬಾಕಿ ಇದೆ. ಜಾತ್ರೆಗೆ ಬಂದ ಮಾಮಾ, ಅತ್ತಿ, ದೊಡ್ಡಪ್ಪ ಮಕ್ಕಳ ಕೈಗೆ ನೋಟು ಇಟ್ಟು ಹೋಗುತ್ತಾರೆ. “ಕೊಡು, ಇಟ್ಟಿರ್ತೀನಿ” ಅಂತ ನಾವು ಇಸಿದುಕೊಳ್ಳುತ್ತೇವೆ. ಆ ರೊಕ್ಕ ಹಾಲಿಗೋ ಗ್ಯಾಸಿಗೋ ಹೋಗುತ್ತದೆ, ಮರಳಿ ಬರುವುದಿಲ್ಲ. ಸಾಲ ತಗೊಂಡವರು ತೀರಿಸಬೇಕಿಲ್ಲ ಎಂದು ಮಗು ಕಲಿಯುವುದು ಅಲ್ಲಿಯೇ. ಹೋದ ಜಾತ್ರೆಯ ರೊಕ್ಕ ನಿಮ್ಮ ಬಳಿ ಉಳಿದಿದ್ದರೆ ಈ ವಾರವೇ ಎಣಿಸಿ ಮಗುವಿನ ಕೈಗೆ ವಾಪಸ್ ಕೊಡಿ.