ಕಸದಿಂದ ವಿದ್ಯುತ್ತು: ತಿಮಾರ್‌ಪುರದ ಕುಲುಮೆ

1987ರಲ್ಲಿ ಡೆನ್ಮಾರ್ಕಿನ ನೆರವಿನಿಂದ ದೆಹಲಿಯ ತಿಮಾರ್‌ಪುರದಲ್ಲಿ ಸ್ಥಾಪಿತವಾಗಿ, ದಿನವೊಂದಕ್ಕೆ 300 ಟನ್ ಕಸವನ್ನು ದಹಿಸಿ 3.75 ಮೆಗಾವ್ಯಾಟ್ ವಿದ್ಯುತ್ತನ್ನು ಉತ್ಪಾದಿಸಬೇಕೆಂದು ಸಂಕಲ್ಪಿತವಾದ ಸ್ಥಾವರವು, ತರಕಾರಿಯ ಸಿಪ್ಪೆ, ಹಳಸಿದ ಅನ್ನ, ಬೀದಿಯ ಧೂಳುಗಳಿಂದ ತೇವವೂ ಭಾರವೂ ಆದ ನಮ್ಮ ಕಸದಲ್ಲಿ ಸಾಕಷ್ಟು ಉಷ್ಣಮೌಲ್ಯವಿಲ್ಲದ ಕಾರಣ, ಕೆಲವೇ ದಿನಗಳಲ್ಲಿ ಸ್ತಬ್ಧವಾಯಿತು. ಹಸಿ ಸೌದೆಯೆದುರು ಊದುಗೊಳವೆ ಹಿಡಿದ ಯಾವ ಗೃಹಿಣಿಯಾದರೂ ಇದನ್ನು ಮೊದಲೇ ಹೇಳಬಲ್ಲವಳಾಗಿದ್ದಳು!

ಈ ಉಷ್ಣಮೌಲ್ಯವನ್ನೇ ಅಳತೆಗೋಲಾಗಿಸಿ, 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಕಿಲೋಗ್ರಾಮಿಗೆ 1500 ಕಿಲೋಕ್ಯಾಲೊರಿ ಅಥವಾ ಅದಕ್ಕೂ ಮಿಗಿಲಾದ ಉಷ್ಣಮೌಲ್ಯವುಳ್ಳ, ಮರುಬಳಕೆಗೊದಗದ ಕಸವನ್ನು ಶಕ್ತಿಯುತ್ಪಾದನೆಗೇ ಬಳಸತಕ್ಕದ್ದೆಂದು ವಿಧಿಸಿದ್ದವು. ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕು ಅರೆಬೆಂದಾಗಲೂ, ಹೊಗೆ ಮೆಲ್ಲನೆ ತಣಿಯುವಾಗಲೂ ಜನಿಸುವ ವಿಷಗಳಾದ ಡಯಾಕ್ಸಿನ್, ಫ್ಯುರಾನ್‌ಗಳಿಗೆ ಅವೇ ನಿಯಮಗಳು ಘನಮೀಟರಿಗೆ 0.1 ನ್ಯಾನೋಗ್ರಾಂ ವಿಷತುಲ್ಯಾಂಕದ ಮಿತಿಯಿಟ್ಟಿದ್ದವು. ಹೊಗೆಯನ್ನು ಸೋಸುವ ಚೀಲಶೋಧಕದಲ್ಲಿ ಸಿಕ್ಕ ಹಾರುಬೂದಿಯಾದರೋ, ಸೀಸ, ಕ್ಯಾಡ್ಮಿಯಮ್ಮುಗಳನ್ನು ಹೊತ್ತು, ಮತ್ತೆ ಸೋರದಂತೆ ಕಟ್ಟಿದ ಭದ್ರಗುಂಡಿಯನ್ನೇ ಸೇರಬೇಕಾಗುತ್ತದೆ.