ಅರ್ಧ ಪರ್ಸೆಂಟ್ ತೆರಿಗೆ ಮತ್ತು 27 ತಿಂಗಳ ಮಂತ್ರಿಮಂಡಲ

ಅಂಗಡಿ ಬಿಲ್ಲಿನ ಕೊನೆಯಲ್ಲಿ ಜಿಎಸ್‌ಟಿ ಅಂತ ಒಂದು ಸಾಲು ಇರುತ್ತದಲ್ಲ, ಅದರ ಮುತ್ತಜ್ಜನನ್ನು ಹುಡುಕಿಕೊಂಡು ಹೋದರೆ ನಾವು 1939ರ ಮದ್ರಾಸಿಗೆ ಹೋಗಿ ನಿಲ್ಲುತ್ತೇವೆ. ಆಗಿನ ಮದ್ರಾಸ್ ಪ್ರಾಂತ್ಯ ಅಂದರೆ ಬರೀ ತಮಿಳುನಾಡು ಅಲ್ಲ. ಆಂಧ್ರದ ಕರಾವಳಿ, ರಾಯಲಸೀಮೆ, ಮಲಬಾರ್, ಜೊತೆಗೆ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಎಲ್ಲವೂ ಅದರೊಳಗೇ ಇದ್ದವು.

ಅಧಿಕಾರ ಎಷ್ಟಿತ್ತು?

1919ರ ಕಾಯ್ದೆಯಲ್ಲಿ ಸರ್ಕಾರವನ್ನು ಎರಡು ಪಾಲು ಮಾಡಿದ್ದರು. ಶಿಕ್ಷಣ, ಆರೋಗ್ಯ, ಸ್ಥಳೀಯ ಆಡಳಿತ ಭಾರತೀಯ ಮಂತ್ರಿಗಳಿಗೆ. ಹಣಕಾಸು, ಪೊಲೀಸ್ ಗವರ್ನರ್ ಕಡೆಯವರಿಗೆ. ಕೆಲಸ ಒಬ್ಬರದು, ದುಡ್ಡಿನ ಪೆಟ್ಟಿಗೆ ಇನ್ನೊಬ್ಬರದು! 1935ರ ಕಾಯ್ದೆ ಪ್ರಾಂತ್ಯಗಳಲ್ಲಿ ಈ ಭಾಗವನ್ನು ತೆಗೆದು ಎಲ್ಲ ಖಾತೆಗಳನ್ನೂ ಮಂತ್ರಿಗಳಿಗೆ ಕೊಟ್ಟಿತು. ಆದರೆ ಗವರ್ನರ್‌ಗೆ ವಿಶೇಷ ಅಧಿಕಾರ ಉಳಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮ್ಯಾನ್ಯುವಲ್ ಓವರ್‌ರೈಡ್.

1937ರ ಚುನಾವಣೆಯಲ್ಲಿ ಕಾಂಗ್ರೆಸ್ ಮದ್ರಾಸ್ ವಿಧಾನಸಭೆಯ 215 ಸ್ಥಾನಗಳಲ್ಲಿ 159 ಗೆದ್ದರೂ ಈ ಓವರ್‌ರೈಡ್ ಕಾರಣಕ್ಕೇ ಕೆಲವು ತಿಂಗಳು ಅಧಿಕಾರ ವಹಿಸಿಕೊಳ್ಳಲಿಲ್ಲ. ಆ ನಡುವೆ ಕೂರ್ಮಾ ವೆಂಕಟರೆಡ್ಡಿ ನಾಯ್ಡು ಅವರ ತಾತ್ಕಾಲಿಕ ಸರ್ಕಾರ ನಡೆಯಿತು. ಕೊನೆಗೆ ಜುಲೈ 14ರಂದು ರಾಜಾಜಿ ಪ್ರೀಮಿಯರ್ ಆದರು. ಆಗ ಪ್ರಾಂತ್ಯದ ಮುಖ್ಯಸ್ಥರನ್ನು ಹಾಗೆಯೇ ಕರೆಯುತ್ತಿದ್ದರು.

ಹತ್ತು ಜನರ ತಂಡ

ಹಣಕಾಸು ಖಾತೆಯನ್ನು ರಾಜಾಜಿ ತಾವೇ ಇಟ್ಟುಕೊಂಡರು. ಕಂದಾಯ ಟಿ. ಪ್ರಕಾಶಂ ಅವರಿಗೆ, ಶಿಕ್ಷಣ ಮತ್ತು ಕಾನೂನು ಪಿ. ಸುಬ್ಬರಾಯನ್ ಅವರಿಗೆ, ಕಾರ್ಮಿಕ ಮತ್ತು ಕೈಗಾರಿಕೆ ವಿ.ವಿ. ಗಿರಿ ಅವರಿಗೆ. ಗಿರಿ ಮುಂದೆ ಮೈಸೂರು ರಾಜ್ಯದ ರಾಜ್ಯಪಾಲರೂ ದೇಶದ ರಾಷ್ಟ್ರಪತಿಯೂ ಆದರು. ಸ್ಥಳೀಯ ಆಡಳಿತ ನೋಡಿಕೊಂಡ ಬೆಜವಾಡ ಗೋಪಾಲರೆಡ್ಡಿಗೆ ಆಗ ಇನ್ನೂ 30 ತುಂಬಿರಲಿಲ್ಲ. ಮಂತ್ರಿಗಳ ಸಂಬಳಕ್ಕೆ ಕಾಂಗ್ರೆಸ್ ಹಾಕಿದ್ದ ಮಿತಿ ತಿಂಗಳಿಗೆ 500 ರೂಪಾಯಿ.

ನಷ್ಟ ತುಂಬುವ ಲೆಕ್ಕ

ಕಾಂಗ್ರೆಸ್ ಪಾನನಿಷೇಧದ ಮಾತು ಕೊಟ್ಟಿತ್ತು. ಆದರೆ ಪ್ರಾಂತ್ಯದ ಆದಾಯದಲ್ಲಿ ದೊಡ್ಡ ಪಾಲು ಬರುತ್ತಿದ್ದದ್ದೇ ಹೆಂಡ, ಸಾರಾಯಿಯ ಅಬಕಾರಿಯಿಂದ. ಒಂದೇ ಏಟಿಗೆ ಮುಚ್ಚಿದರೆ ಶಾಲೆ, ಆಸ್ಪತ್ರೆ ನಡೆಯುವುದು ಹೇಗೆ? ರಾಜಾಜಿ ಮಾಡಿದ್ದು ಪೈಲಟ್ ಪ್ರಾಜೆಕ್ಟ್. 1937ರ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಮಾತ್ರ ನಿಷೇಧ. ಅದು ಅವರ ಸ್ವಂತ ಜಿಲ್ಲೆ. ಹಿಂದೆ ಸೇಲಂ ಪುರಸಭೆಯ ಅಧ್ಯಕ್ಷರೂ ಆಗಿದ್ದರು. ಆಮೇಲೆ ಚಿತ್ತೂರು, ಕಡಪ, ಉತ್ತರ ಆರ್ಕಾಟ್ ಜಿಲ್ಲೆಗಳಿಗೆ ವಿಸ್ತರಿಸಿದರು.

ಜಿಲ್ಲೆ ಹೆಚ್ಚಿದಂತೆ ಖಜಾನೆಯ ತೂತೂ ದೊಡ್ಡದಾಯಿತು. ಆದಾಯ ತೆರಿಗೆ, ಕಸ್ಟಮ್ಸ್ ಹಾಕುವ ಅಧಿಕಾರ ಕೇಂದ್ರದ ಕೈಯಲ್ಲಿ. ಪ್ರಾಂತ್ಯದ ಪಟ್ಟಿಯಲ್ಲಿ ಸರಕು ಮಾರಾಟದ ಮೇಲಿನ ತೆರಿಗೆ ಅಂತ ಒಂದು ಬಾಬತ್ತು ಇತ್ತು. ಅದನ್ನೇ ಹಿಡಿದು 1939ರಲ್ಲಿ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ ತಂದರು. ದೊಡ್ಡ ವ್ಯಾಪಾರಿಗಳ ವಹಿವಾಟಿನ ಮೇಲೆ ಅರ್ಧ ಪರ್ಸೆಂಟ್. ಎಲ್ಲ ಬಗೆಯ ಸರಕಿಗೂ ಅನ್ವಯಿಸುವ ಮಾರಾಟ ತೆರಿಗೆ ಭಾರತದಲ್ಲಿ ಇದೇ ಮೊದಲು. ಮಂಗಳೂರು, ಬಳ್ಳಾರಿಯ ವರ್ತಕರೂ ಇದರ ಕೆಳಗೆ ಬಂದರು.

ಇದರ ವಿನ್ಯಾಸ ಗಮನಿಸಿ. 1000 ರೂಪಾಯಿಯ ಸರಕು ಮೂರು ವರ್ತಕರ ಕೈ ದಾಟಿತು ಅಂದುಕೊಳ್ಳಿ. ಲಾಭ ಬಿಟ್ಟು ಲೆಕ್ಕ ಹಾಕಿದರೂ ಒಬ್ಬೊಬ್ಬರಿಂದ 5 ರೂಪಾಯಿ, ಒಟ್ಟು 15. ಹಿಂದಿನವರು ಕಟ್ಟಿದ್ದನ್ನು ಕಳೆಯುವ ಸೌಲಭ್ಯ ಇಲ್ಲ. ದರ ಕಡಿಮೆ, ವಸೂಲಿ ಸುಲಭ. ಆದರೆ ಕೈ ಬದಲಾದಷ್ಟೂ ತೆರಿಗೆ ಪೇರುತ್ತದೆ. ಈ ದೋಷ ನೀಗಲೆಂದೇ ದಶಕಗಳ ನಂತರ ವ್ಯಾಟ್, 2017ರಲ್ಲಿ ಜಿಎಸ್‌ಟಿ ಬಂದವು.

ಇನ್ನೊಂದು ಮುಖ

ಇದೇ ಮಂತ್ರಿಮಂಡಲ 1938ರಲ್ಲಿ ಸಾಲದ ಹೊರೆಯಿದ್ದ ರೈತರಿಗೆ ಹಳೆಯ ಬಡ್ಡಿ ಮನ್ನಾ ಮಾಡುವ ಕಾನೂನು ತಂದಿತು. ಅದೇ ವರ್ಷ ಆಯ್ದ ಶಾಲೆಗಳಲ್ಲಿ ಹಿಂದೂಸ್ತಾನಿ ಕಡ್ಡಾಯ ಮಾಡಿತು. ವಿರೋಧಿಸಿದವರಲ್ಲಿ ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು. ಅವರ ಮೇಲೆ ಬಳಸಿದ್ದು ಬ್ರಿಟಿಷರು ಹಿಂದೆ ಕಾಂಗ್ರೆಸ್ಸಿಗರ ಮೇಲೆ ಬಳಸಿದ್ದ ಅದೇ ಕ್ರಿಮಿನಲ್ ಲಾ ಅಮೆಂಡ್‌ಮೆಂಟ್ ಕಾಯ್ದೆ! ಖಜಾನೆ ವಿಷಯದಲ್ಲಿ ಜಿಲ್ಲೆ ಜಿಲ್ಲೆಯಾಗಿ ಹೆಜ್ಜೆ ಇಟ್ಟವರು ಭಾಷೆಯ ವಿಷಯದಲ್ಲಿ ಜನರ ಮಾತು ಕೇಳಲಿಲ್ಲ ಎಂದೇ ನಮಗೆ ಅನ್ನಿಸುತ್ತದೆ. 1940ರ ಫೆಬ್ರವರಿಯಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡದ್ದು ಗವರ್ನರ್ ಎರ್ಸ್ಕಿನ್.

ಉಳಿದದ್ದೇನು?

1939ರ ಸೆಪ್ಟೆಂಬರ್‌ನಲ್ಲಿ ವೈಸ್‌ರಾಯ್ ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿದರು. ಪ್ರತಿಭಟಿಸಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಅಕ್ಟೋಬರ್ ಕೊನೆಗೆ ರಾಜಾಜಿಯವರೂ ಹೊರಬಂದರು. ಯುದ್ಧದ ನಡುವೆಯೇ ಪಾನನಿಷೇಧ ಕೈಬಿಟ್ಟುಹೋಯಿತು. ಆದರೆ ಅದರ ನಷ್ಟ ತುಂಬಲು ಹಾಕಿದ ತೆರಿಗೆ ಹೋಗಲಿಲ್ಲ. ಬೇರೆ ಪ್ರಾಂತ್ಯಗಳೂ ಅದೇ ದಾರಿ ಹಿಡಿದವು.

ಇವತ್ತು ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಅದರ ತೆರಿಗೆ ರಾಜ್ಯಗಳದ್ದೇ, ನಮ್ಮ ರಾಜ್ಯದ ಬಜೆಟ್ಟಿನಲ್ಲೂ ಅಬಕಾರಿ ದೊಡ್ಡ ಬಾಬತ್ತೇ. ಮುಂದಿನ ಸಲ ಬಜೆಟ್ ಸುದ್ದಿ ಓದುವಾಗ ಯಾವ ಯೋಜನೆ ಕೊಟ್ಟರು ಅಂತ ನೋಡುವುದರ ಜೊತೆಗೆ, ಅದಕ್ಕೆ ದುಡ್ಡು ಎಲ್ಲಿಂದ ತಂದರು ಅಂತಲೂ ನೋಡೋಣ. ಮಂತ್ರಿಮಂಡಲವೊಂದರ ನಿಜವಾದ ಪರೀಕ್ಷೆ ಆ ಎರಡನೇ ಪ್ರಶ್ನೆಯಲ್ಲೇ ಇದೆ.