ನಮ್ಮ ಪುಸ್ತಕದಲ್ಲಿಲ್ಲದ ದುಂಡುಹುಳು

ಪ್ರಥಮ ಪಿಯುಸಿಯಲ್ಲಿ ದುಂಡುಹುಳುಗಳ ಪಾಠ ಬಂದಾಗ ನಾವೆಲ್ಲ ಮೂರು ಹೆಸರು ಬಾಯಿಪಾಠ ಮಾಡಿದ್ದೆವು: ಆಸ್ಕಾರಿಸ್, ವುಚೆರೇರಿಯಾ, ಆನ್ಸಿಲೋಸ್ಟೋಮಾ. ಅಂದರೆ ಜಂತುಹುಳು, ಆನೆಕಾಲು ರೋಗದ ಹುಳು, ಕೊಕ್ಕೆಹುಳು. ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ ನಾನಿ ಪುಸ್ತಕದ ಚಿತ್ರ ನೋಡಿ, ತಮ್ಮ ಕಾಲಿನ ಹರಡಿನ ಮೇಲಿದ್ದ ಹಳೆಯ ಕಲೆ ತೋರಿಸಿದರು. “ನಾರು ಹೊರಗ ಬಂದ ಜಾಗಾ ಇದು ಬೇಟಾ. ನಿಮ್ಮ ಪುಸ್ತಕದಾಗ ಅದಿಲ್ಲೇನು?”

ಇರಲಿಲ್ಲ. ಮರುದಿನ ನಮ್ಮ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡೆ.

ಅದು ನಾರು ಹುಣ್ಣಿನ ಹುಳು, ಡ್ರಾಕಂಕ್ಯುಲಸ್ ಮೆಡಿನೆನ್ಸಿಸ್. ಹೆಸರಿನಲ್ಲಿರುವುದು ಮದೀನಾ, ಸಾವಿರ ವರ್ಷದ ಹಿಂದೆಯೇ ಇಬ್ನ್ ಸಿನಾ ಇದನ್ನು ‘ಮದೀನಾದ ನರ’ ಎಂಬ ಹೆಸರಿನಲ್ಲಿ ವಿವರಿಸಿದ್ದರು. ಹೆಣ್ಣು ಹುಳು ಒಂದು ಮೀಟರ್‌ವರೆಗೆ ಬೆಳೆಯುತ್ತದೆ. ದೇಹ ಹೊಕ್ಕ ಸುಮಾರು ಒಂದು ವರ್ಷಕ್ಕೆ ಹೆಚ್ಚಾಗಿ ಕಾಲಿನಲ್ಲಿಯೇ ಬೊಬ್ಬೆ ಎಬ್ಬಿಸಿ ತಲೆ ಹೊರಹಾಕುತ್ತದೆ. ಬೆಂಕಿಯಂಥ ಉರಿ. ಉರಿ ತಾಳದೆ ಮನುಷ್ಯ ಕಾಲನ್ನು ನೀರಿಗಿಡುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ! ನೀರು ಸೋಕಿದೊಡನೆ ಅದು ಲಕ್ಷಗಟ್ಟಲೆ ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಪುಟ್ಟ ನೀರಜೀವಿ ಆ ಮರಿಗಳನ್ನು ನುಂಗುತ್ತದೆ, ಆ ನೀರನ್ನು ನಾವು ಕುಡಿಯುತ್ತೇವೆ.

ನಾನಿಯ ತವರು ವಿಜಯಪುರದ ಕಡೆಯ ಹಳ್ಳಿ. ಅಲ್ಲಿದ್ದದ್ದು ಮೆಟ್ಟಿಲು ಬಾವಿ. ಎಲ್ಲರೂ ಕೆಳಗಿಳಿದು, ಕಾಲು ಮುಳುಗುವಂತೆ ನಿಂತು ಕೊಡ ತುಂಬುತ್ತಿದ್ದರು. ಹುಳು ಹೊರಬಂದಾಗ ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯಬೇಕು. ಹರಿದರೆ ಕಾಲೆಲ್ಲ ಕೀವು. ನಾನಿಯದು ಹರಿಯಿತು. ಎರಡು ತಿಂಗಳು ಹಾಸಿಗೆ ಹಿಡಿದರು. ಆಗ ಮೂರನೇ ಇಯತ್ತೆ. ಮತ್ತೆ ಶಾಲೆಗೆ ಕಳಿಸಲೇ ಇಲ್ಲ.

ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಮಾತ್ರೆಯೂ ಇಲ್ಲ. ಆದರೂ ರೋಗ ಹೋಯಿತು. ನಮ್ಮ ದೇಶದಲ್ಲಿ 1984ರಲ್ಲಿ ಸುಮಾರು 40,000 ರೋಗಿಗಳಿದ್ದರು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ರೋಗವಿತ್ತು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು, ಬೋರ್‌ವೆಲ್ ಕೊರೆಸಿದರು, ನೀರಿಗೆ ಟೆಮಿಫಾಸ್ ಹಾಕಿ ಸೈಕ್ಲಾಪ್ಸ್ ಕೊಂದರು, ನೀರು ಸೋಸಿ ಕುಡಿಯಲು ಮನೆಮನೆಗೆ ಹೇಳಿದರು. ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಣ್ಣು ಮುಕ್ತ ಎಂದು ಘೋಷಿಸಿತು.

ಪುಸ್ತಕದಲ್ಲಿರುವ ಹುಳುಗಳ ಕತೆ ಬೇರೆ. ಅವಕ್ಕೆ ಮಾತ್ರೆಯಿದೆ, ಆದರೂ ಅವು ಹೋಗಿಲ್ಲ. ಒಂದು ಹೆಣ್ಣು ಜಂತುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ, ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಸೇರಿ, ಕರುಳಿನಲ್ಲಿ ರಕ್ತ ಹೀರುತ್ತದೆ. ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆ, ಮಣ್ಣಿನಲ್ಲಿರುವುದನ್ನಲ್ಲ. ಅದಕ್ಕೇ 19 ವರ್ಷದವರೆಗಿನ ನಮಗೆಲ್ಲ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಕೊಡುವುದು. ಹಿಂದಿನ ಸಲ ಕೊಟ್ಟದ್ದನ್ನು ನಾನು ಕಿಸೆಯಲ್ಲಿಟ್ಟುಕೊಂಡು ಬಂದು ಎಸೆದಿದ್ದೆ. ನನ್ನಂತೆ ಮಾಡಿದವರು ಕ್ಲಾಸಿನಲ್ಲಿ ಇನ್ನೂ ಇದ್ದಾರೆ, ಹೆಸರು ಬರೆಯುವುದಿಲ್ಲ.

ನಮ್ಮ ಓಣಿಗೆ ನೀರು ಬಿಟ್ಟ ದಿನ ನಾನಿ ಈಗಲೂ ನಳದ ಬಾಯಿಗೆ ಹಳೆಯ ಹತ್ತಿ ಬಟ್ಟೆ ಮಡಚಿ ಕಟ್ಟುತ್ತಾರೆ. ಕಸ ಬರಬಾರದೆಂದು ಕಟ್ಟುತ್ತಾರೆ ಅಂದುಕೊಂಡಿದ್ದೆ.